ವಾರಿಜಳ ಹೂಂ

ನದಿಯ ದಡದಲ್ಲೊಂದು ರಾಸಾಯನಿಕ ಕಾರ್ಖಾನೆ. ಅಲ್ಲಿ ವಿಷಾನಿಲದ ಸೋರಿಕೆ ಪತ್ತೆ ಮಾಡುವ ಕೆಲಸ ಕಲಿಸುತ್ತಿದ್ದವರು ಲಿಗೋರಿ. ಎಲ್ಲರಿಗೂ ಅವರು ಗುರುಗಳೇ.

ನೆಲದಡಿಯ ತೊಟ್ಟಿಗೆ ಯಾರೇ ಇಳಿಯಲಿ, ಮೊದಲು ಗುರುಗಳು ಹೂಂ ಅನ್ನಬೇಕು. ಬೇರೆಯವರ ಹೂಂ ನಂಬಿ ಅವರು ಯಾವತ್ತೂ ಇಳಿದವರಲ್ಲ.

ಶಿಷ್ಯೆ ವಾರಿಜಳಿಗೆ ಆ ಹೂಂ ತಾನು ಅನ್ನಬೇಕೆಂಬ ಆಸೆ.

"ಗುರುಗಳೇ, ಯಂತ್ರ ಎಲ್ಲಾ ನನಗೆ ಬಾಯಿಪಾಠ ಉಂಟು. ಇನ್ನೇನು ಬಾಕಿ?"

"ಹೂಂ ಅನ್ನಲಿಕ್ಕೆ ಕಲಿತಿದ್ದೀ. ಇನ್ನೊಂದು ಬಾಕಿ ಉಂಟು."

ಯಾವುದೆಂದು ಹೇಳಲಿಲ್ಲ. ಅವಳಿಗೆ ಸಿಟ್ಟೇ ಬಂತು.

ಗುರುಗಳದ್ದೊಂದು ಪದ್ಧತಿ. ದಿನಾ ಬೆಳಿಗ್ಗೆ ಸಣ್ಣ ಸಿಲಿಂಡರಿನಿಂದ ಚೂರು ಅನಿಲ ಬಿಟ್ಟು, ಸೋರಿಕೆ ಹಿಡಿಯುವ ಯಂತ್ರವನ್ನು ಕೂಗಿಸುವುದು. ಕೂಗಿದರಷ್ಟೇ ಅದು ಆ ದಿನ ಕೆಲಸಕ್ಕೆ.

ಒಂದು ದಿನ ಗುರುಗಳು "ನೀನೇ ನೋಡಿಕೋ" ಎಂದು ಪೇಟೆಗೆ ಹೋದರು. ಅವತ್ತೇ ತೊಟ್ಟಿಯ ಪಂಪು ಕೆಟ್ಟಿತು. ವಾರಿಜ ಉಬ್ಬಿದ ಎದೆಯಲ್ಲೇ ಬಂದು ಯಂತ್ರಕ್ಕೆ ಅನಿಲ ಬಿಟ್ಟಳು. ಅದು ಕೂಗಲಿಲ್ಲ. ಅಪಾಯವಿಲ್ಲ ಎನ್ನುವ ಹಸಿರು ದೀಪ ಮಾತ್ರ ಉರಿಯುತ್ತಿತ್ತು.

ಮ್ಯಾನೇಜರ್ ಶೆಣೈಯವರಿಗೆ ಅವಸರ. "ಹಸಿರು ಉಂಟಲ್ಲ ಮಾರಾಯ್ತಿ. ಹೂಂ ಅನ್ನು, ಜನ ಇಳಿಯಲಿ."

ವಾರಿಜ ಹೋಗಿ ತೊಟ್ಟಿಯ ಮುಚ್ಚಳದ ಮೇಲೆ ಕುಳಿತುಬಿಟ್ಟಳು.

"ಬೇಡ. ಬೇರೆ ಯಂತ್ರ ಬರಲಿ."

ಶೆಣೈ ಗದರಿದರು, ಪುಸಲಾಯಿಸಿದರು. ಅವಳು ಏಳಲಿಲ್ಲ.

ಬೇರೆ ಯಂತ್ರ ಬರುವಾಗ ಮಧ್ಯಾಹ್ನವಾಯಿತು. ಅದನ್ನು ಕೂಗಿಸಿ ನೋಡಿ, ಹಗ್ಗಕ್ಕೆ ಕಟ್ಟಿ ತೊಟ್ಟಿಯ ತಳದವರೆಗೂ ಇಳಿಬಿಟ್ಟಳು. ಒಳಗೆ ವಿಷಾನಿಲದ ಸುಳಿವೇ ಇರಲಿಲ್ಲ. ಶೆಣೈ ನಕ್ಕರು, ಉಳಿದವರೂ ನಕ್ಕರು. ವಾರಿಜಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಗುರುಗಳು ಬಂದರು. ನಡೆದದ್ದನ್ನೆಲ್ಲ ಕೇಳಿದರು.

"ತೊಟ್ಟಿ ಶುದ್ಧವೇ ಇತ್ತು ಗುರುಗಳೇ. ಸುಮ್ಮನೆ ಅರ್ಧ ದಿನ ಹಾಳು ಮಾಡಿದೆ."

"ಶುದ್ಧ ಇತ್ತು ಅಂತ ಬೆಳಿಗ್ಗೆ ಯಾರಿಗೆ ಗೊತ್ತಿತ್ತು?"

ಅವಳು ಯೋಚಿಸಿದಳು. "ಯಾರಿಗೂ ಇಲ್ಲ."

"ಈಗ?"

"ಈಗ ಹೂಂ. ಇಳಿಯಬಹುದು."

ಗುರುಗಳು ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಪಂಪು ನೋಡಲು ತಾವೇ ಏಣಿಗೆ ಕಾಲಿಟ್ಟರು. ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ವಾರಿಜಳ ಕಣ್ಣು ತುಂಬಿತು. ಅಷ್ಟು ಹೆಮ್ಮೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಶೆಣೈ ಗಾಬರಿಯಾದರು. "ಗುರುಗಳೇ, ನೀವೊಮ್ಮೆ ನೋಡುವುದಿಲ್ಲವಾ?"

"ಬೇಡ ಅನ್ನಲಿಕ್ಕೆ ಬರುವವಳು ಹೂಂ ಅಂದಿದ್ದಾಳಲ್ಲ ಶೆಣೈಯವರೇ, ನನಗೆ ಅಷ್ಟು ಸಾಕು."