ಎಸ್‌ಡಿಸಿ ಅಂದರೆ ಯಾರು?

ವರದಾ ನದಿಯ ದಂಡೆಯ ಒಂದು ಆಶ್ರಮದಲ್ಲಿ ಹಾಡುಗಳನ್ನು ಜೋಪಾನ ಮಾಡುತ್ತಿದ್ದರು.

ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಹಾಡಿದ್ದೆಲ್ಲ ಅಲ್ಲಿತ್ತು. ಮೊದಲು ಕ್ಯಾಸೆಟ್ಟುಗಳಲ್ಲಿತ್ತು. ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಒಂದು ದೊಡ್ಡ ಡಿಸ್ಕಿಗೆ ಇಳಿಸಿದರು. ಈಗ ಉಳಿದದ್ದು ಆ ಡಿಸ್ಕ್ ಒಂದೇ.

ಗುರು ವೃಷಭೇಂದ್ರರು ಪೂರ್ವಾಶ್ರಮದಲ್ಲಿ ಕಂಪ್ಯೂಟರ್ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದವರು. ಆ ವಿದ್ಯೆಯನ್ನು ಶಿಷ್ಯ ಇಂದುಧರನಿಗೆ ಕಲಿಸುತ್ತಿದ್ದರು.

ಆಶ್ರಮದಲ್ಲಿ ಎರಡು ಸರ್ವರುಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಬೇಕು. ಅದಕ್ಕಾಗಿ ಡಿಸ್ಕನ್ನು ಹೊರಗೆ ಬೇರೊಂದು ಪೆಟ್ಟಿಗೆಯಲ್ಲಿಟ್ಟು ಎರಡಕ್ಕೂ ಜೋಡಿಸಿದ್ದರು.

ಒಂದು ಸಂಜೆ ಎರಡನೆಯ ಡಿಸ್ಕ್ ಬಂತು.

“ಗುರುಗಳೇ, ಬಂತು!” ಇಂದುಧರ ಅಂಗಳದಿಂದಲೇ ಕೂಗಿದ. “ಇನ್ನು ಹಾಡುಗಳಿಗೆ ಇನ್ನೊಂದು ಪ್ರತಿ! ನಾಡಿದ್ದು ಬರುವವರ ಹಾಡಿಗೂ ಜಾಗ!”

ಹಾಡು ದಾಖಲಿಸಲು ಹಳ್ಳಿಗಳಿಂದ ಹಿರಿಯ ಹೆಂಗಸರು ಬರುವವರಿದ್ದರು. ಅವನಿಗೆ ಆ ಸಡಗರವೂ ಸೇರಿಕೊಂಡಿತ್ತು. ಕೂಡಲೇ ಡಿಸ್ಕನ್ನು ಪೆಟ್ಟಿಗೆಯೊಳಗೆ ಕೂರಿಸಿದ. ಸರ್ವರ್ ತನ್ನ ತೆರೆಯಲ್ಲಿ ಹಳೆಯದನ್ನು ಎಸ್‌ಡಿಬಿ ಎಂದಿತು. ಹೊಸದನ್ನು ಎಸ್‌ಡಿಸಿ ಎಂದಿತು.

ಮರುದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಸರ್ವರುಗಳು ಆರಿ ಮತ್ತೆ ಚಾಲೂ ಆದವು. ಇಂದುಧರ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹೊಸ ಡಿಸ್ಕನ್ನು ಅಳಿಸಿ ಹಸನು ಮಾಡಿದರೆ ಮಾತ್ರ ಅದರಲ್ಲಿ ಹಾಡು ತುಂಬಲು ಬರುತ್ತದೆ. ಆ ಆಜ್ಞೆಯನ್ನು ಬರೆದು ಮುಗಿಸಿದ. ಇನ್ನೊಂದು ಕೀಲಿ ಒತ್ತುವುದಷ್ಟೇ ಬಾಕಿ.

ಗುರುಗಳು ಹಿಂದೆ ಬಂದು ನಿಂತರು.

“ಏನು ಮಾಡುತ್ತಿದ್ದೀಯ?”

“ಹೊಸದನ್ನು ಅಳಿಸುತ್ತಿದ್ದೇನೆ, ಗುರುಗಳೇ. ಎಸ್‌ಡಿಸಿ.”

“ಎಸ್‌ಡಿಸಿ ಅಂದರೆ ಯಾರು?”

“ಹೊಸ ಡಿಸ್ಕು. ನಿನ್ನೆ ನಾನೇ ಕಣ್ಣಾರೆ ನೋಡಿದ್ದೇನೆ.”

“ಇವತ್ತು ನೋಡಿದೆಯಾ?”

“ಇವತ್ತೇಕೆ ನೋಡಬೇಕು?”

“ಬೆರಳು ತೆಗೆ. ತೆರೆದು ನೋಡು.”

ಖಾಲಿ ಡಿಸ್ಕಿನಲ್ಲಿ ನೋಡುವುದೇನಿದೆ ಎಂದುಕೊಳ್ಳುತ್ತಲೇ ಅವನು ತೆರೆದ.

ಅದು ಖಾಲಿ ಇರಲಿಲ್ಲ.

ಕೈಗೆ ಸಿಕ್ಕ ಒಂದು ಫೈಲನ್ನು ಒತ್ತಿದ. ಸ್ಪೀಕರಿನಲ್ಲಿ ಬೀಸುವ ಕಲ್ಲಿನ ಗರಗರ ಕೇಳಿಸಿತು. ಅದರ ಮೇಲೆ ಒಬ್ಬ ಹೆಂಗಸಿನ ದನಿ ಏರಿ ಬಂತು.

ಪಡಸಾಲೆಯಲ್ಲಿ ಯಾರೋ ಧಡಕ್ಕನೆ ಎದ್ದ ಸದ್ದಾಯಿತು. ಹಾಡಲು ಬರಬೇಕಿದ್ದ ನೀಲವ್ವ ಒಂದು ದಿನ ಮೊದಲೇ ಬಂದು ಅಲ್ಲಿ ಕುಳಿತಿದ್ದಳು. ಈಗ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು.

“ತಮ್ಮಾ, ಇದು ನಮ್ಮಕ್ಕನ ದನಿ! ನಮ್ಮ ಶಿವಕ್ಕಂದು!”

ನೀಲವ್ವ ಸ್ಪೀಕರಿನತ್ತ ಕೈ ಚಾಚಿದಳು.

“ಆಕಿ ಹೋಗಿ ಎಷ್ಟು ವರ್ಷಾತೋ. ದನಿ ಮರ್ತೇಬಿಟ್ಟಿದ್ದೆ. ಇನ್ನೊಮ್ಮಿ ಹಚ್ಚಪಾ.”

ಅವನು ಮತ್ತೆ ಹಚ್ಚಿದ. ನೀಲವ್ವ ಹೊಸ್ತಿಲ ಮೇಲೆ ಕುಳಿತಳು. ಅಕ್ಕನ ಒಂದು ಸಾಲಿಗೆ ತಾನೊಂದು ಸಾಲು ಸೇರಿಸಿ ಹಾಡಿದಳು. ನಡುನಡುವೆ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಜ್ಜಾರ,” ಎಂದಳು ಗುರುಗಳಿಗೆ, “ನಾಳೆ ನಾ ಹಾಡಿದ್ದನ್ನ ನಮ್ಮಕ್ಕನ ಬಾಜೂಕ ಇಡ್ರಿ.”

“ಇಡೋಣವ್ವ,” ಎಂದರು ಗುರುಗಳು.

ಅವಳು ಪಡಸಾಲೆಗೆ ಮರಳಿದ ಮೇಲೆ ಇಂದುಧರ ತನ್ನ ಬೆರಳನ್ನೇ ನೋಡುತ್ತ ಕುಳಿತ.

“ಗುರುಗಳೇ, ನಾನು ಅಳಿಸಲು ಹೊರಟದ್ದು ಅವರ ಅಕ್ಕನನ್ನು.”

ಅವನು ಮತ್ತೆ ತೆರೆಯ ಕಡೆ ತಿರುಗಿದ.

“ನಿನ್ನೆ ಎಸ್‌ಡಿಸಿ ಹೊಸದೇ ಆಗಿತ್ತು. ಇವತ್ತು ಹೇಗೆ ಹಳೆಯದಾಯಿತು?”

ಗುರುಗಳು ಸರ್ವರನ್ನು ಆರಿಸಿ ಮತ್ತೆ ಚಾಲೂ ಮಾಡಿದರು. ಹಳೆಯದು ಎಸ್‌ಡಿಬಿ ಆಯಿತು. ಮತ್ತೆ ಆರಿಸಿ ಚಾಲೂ ಮಾಡಿದರು. ಹಳೆಯದು ಎಸ್‌ಡಿಸಿ ಆಯಿತು.

ಇಂದುಧರ ಕುರ್ಚಿಯಿಂದ ಎದ್ದೇಬಿಟ್ಟ. “ಗೊತ್ತಾಯಿತು! ಯಾವುದು ಮೊದಲು ಓಗೊಡುತ್ತದೋ ಅದಕ್ಕೆ ಮೊದಲ ಹೆಸರು! ಇದು ಡಿಸ್ಕಿನ ಹೆಸರೇ ಅಲ್ಲ, ಬಂದ ಸರದಿ!”

“ಸರದಿ ಬದಲಾದರೂ ಬದಲಾಗದ್ದು ಏನಾದರೂ ಇದೆಯೇ? ಹುಡುಕು.”

ಅವನು ಹುಡುಕಿದ. ಡಿಸ್ಕಿನ ಗಾತ್ರ ನೋಡಿದ. ಎರಡರದೂ ಒಂದೇ ಗಾತ್ರ. ತಯಾರಕರ ಹೆಸರು ನೋಡಿದ. ಅದೂ ಒಂದೇ. ಊಟದ ಗಂಟೆ ಹೊಡೆಯಿತು. ಅವನು ಏಳಲಿಲ್ಲ. ಕೊನೆಗೆ ಪ್ರತಿ ಡಿಸ್ಕಿನ ಒಳಗೂ ಅದರದೇ ಒಂದು ಉದ್ದನೆಯ ಗುರುತಿನ ಸಂಖ್ಯೆ ಕಂಡಿತು. ಹುಟ್ಟುವಾಗಲೇ ಬರೆದದ್ದು. ಒಂದರದು ಇನ್ನೊಂದಕ್ಕೆ ಇಲ್ಲ.

“ಸಿಕ್ಕಿತು, ಗುರುಗಳೇ!”

“ಅದನ್ನು ಹಿಡಿದು ಹೆಸರಿಡು.”

ಇಂದುಧರ ಸರ್ವರಿಗೆ ನಿಯಮ ಬರೆದುಕೊಟ್ಟ. ಈ ಗುರುತಿನ ಡಿಸ್ಕು ಯಾವಾಗ ಬಂದರೂ, ಯಾವ ದಾರಿಯಿಂದ ಬಂದರೂ, ಅದಕ್ಕೆ ಈ ಹೆಸರು. ಒಂದಕ್ಕೆ ‘ಹಳತು’ ಎಂದಿಟ್ಟ. ಇನ್ನೊಂದಕ್ಕೆ ‘ಹೊಸತು’ ಎಂದಿಟ್ಟ.

ಗುರುಗಳು ಓದಿ ನೋಡಿದರು.

“ಹೊಸತು ಎಷ್ಟು ದಿನ ಹೊಸತು?”

ಅವನು ನಾಲಿಗೆ ಕಚ್ಚಿಕೊಂಡ. ಎರಡನ್ನೂ ತೆಗೆದ. ಕಿಟಕಿಯ ಆಚೆ ಹೊಳೆ ಕಾಣುತ್ತಿತ್ತು. ಹಾಡುಗಳಿದ್ದ ಡಿಸ್ಕಿಗೆ ‘ವರದಾ’ ಎಂದು ಹೆಸರಿಟ್ಟ. ನಿನ್ನೆ ಬಂದ ಡಿಸ್ಕಿಗೆ ‘ತುಂಗಾ’ ಎಂದು ಹೆಸರಿಟ್ಟ.

ಸರ್ವರನ್ನು ಆರಿಸಿ ಚಾಲೂ ಮಾಡಿದ. ವರದಾ ವರದೆಯಾಗಿಯೇ ಬಂತು. ತುಂಗಾ ತುಂಗೆಯಾಗಿಯೇ ಬಂತು. ಇನ್ನೊಮ್ಮೆ ಮಾಡಿದ. ಮತ್ತೆ ಹಾಗೆಯೇ ಬಂತು.

“ಆಯಿತು, ಗುರುಗಳೇ! ಆಯಿತು!”

ಗುರುಗಳು ಅವನ ಕೈ ಹಿಡಿದು ಪಕ್ಕದ ಸರ್ವರಿನ ಮುಂದೆ ಕೂರಿಸಿದರು.

“ಇಲ್ಲಿ ತುಂಗೆಯನ್ನು ಕರೆ.”

ಅವನು ಕರೆದ. ಅಂಥ ಡಿಸ್ಕೇ ಇಲ್ಲವೆಂದು ಸರ್ವರ್ ಹೇಳಿತು. ಅದಕ್ಕೆ ಗೊತ್ತಿದ್ದದ್ದು ಎಸ್‌ಡಿಬಿ, ಎಸ್‌ಡಿಸಿ ಮಾತ್ರ.

ಇಂದುಧರನ ಮುಖ ಇಳಿಯಿತು. “ಡಿಸ್ಕುಗಳು ಅವೇ ಅಲ್ಲವೇ?”

“ಅವೇ. ಹೆಸರಿಟ್ಟದ್ದನ್ನು ಇದಕ್ಕೆ ಯಾರು ಹೇಳಿದರು?”

ಅವನು ಅದೇ ನಿಯಮವನ್ನು ಒಂದಕ್ಷರವೂ ಬದಲಿಸದೆ ಎರಡನೆಯ ಸರ್ವರಿಗೂ ಕೊಟ್ಟ.

“ಈಗ ಹೊರಗೆ ಹೋಗಿ ನಿಲ್ಲು,” ಎಂದರು ಗುರುಗಳು.

ಅವನು ಹೊರಗೆ ನಿಂತ. ಒಳಗೆ ವಯರು ಕೀಳುವ, ಸಿಕ್ಕಿಸುವ ಸದ್ದು ಕೇಳಿಸಿತು. ಪೆಟ್ಟಿಗೆಯ ಬಾಗಿಲು ತೆರೆದು ಮುಚ್ಚಿತು. ಆಮೇಲೆ ಕರೆ ಬಂತು. ಒಳಗೆ ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ಡಿಸ್ಕುಗಳ ಜಾಗ ಅದಲುಬದಲಾಗಿತ್ತು. ಯಾವ ವಯರೂ ಮೊದಲಿದ್ದಲ್ಲಿ ಇರಲಿಲ್ಲ. ಸರ್ವರುಗಳೆರಡೂ ಆಗತಾನೆ ಚಾಲೂ ಆಗುತ್ತಿದ್ದವು.

“ಕರೆ.”

ಮೊದಲ ಸರ್ವರಿನಲ್ಲಿ ವರದಾ ಎಂದು ಕರೆದ. ಬೀಸುವ ಕಲ್ಲಿನ ಗರಗರ ಬಂತು. ಎರಡನೆಯದರಲ್ಲಿ ವರದಾ ಎಂದು ಕರೆದ. ಅದೇ ಕಲ್ಲು, ಅದೇ ದನಿ.

“ಅಕ್ಕಾ!” ಎಂದು ಪಡಸಾಲೆಯಿಂದ ನೀಲವ್ವ ಕೂಗಿದಳು.

ಇಂದುಧರ ಎರಡೂ ಕೈ ಮೇಲೆತ್ತಿ ಕುಣಿದ. ಕುಣಿದದ್ದಕ್ಕೆ ನಾಚಿ ಗುರುಗಳ ಕಾಲಿಗೆರಗಿದ. ಎದ್ದವನೇ ಓಡಿ ಸರ್ವರಿನ ಮುಂದೆ ಕುಳಿತ. ತುಂಗೆಯನ್ನು ಅಳಿಸುವ ಆಜ್ಞೆ ಬರೆದ. ಬೆರಳು ಕೀಲಿಯ ಮೇಲಿತ್ತು.

“ಗುರುಗಳೇ, ಈಗ ಒತ್ತಲೇ?”

“ಹೆದರಿಕೆ ಇದೆಯೇ?”

“ಚೂರೂ ಇಲ್ಲ, ಗುರುಗಳೇ! ಪೂರ್ತಿ ಹೋಯಿತು!”

“ಹಾಗಾದರೆ ಹೊಳೆಗೆ ಹೋಗಿ ಮುಖ ತೊಳೆದುಕೊಂಡು ಬಾ. ಸ್ವಲ್ಪ ಹೆದರಿಕೆ ಮರಳಲಿ, ಆಮೇಲೆ ಒತ್ತುವಿಯಂತೆ.”