ಬಾದಶಹನ ಕುಡಿಯುವ ನೀರು

"ಗುರುಗಳೇ, ನನ್ನೊಳಗೆ ಇನ್ನೂ ಸಿಟ್ಟು ಕುದಿಯುತ್ತಿದೆ. ಸುಳ್ಳೇಕೆ, ನಿಮ್ಮ ಮೇಲೂ ಇದೆ. ಹೀಗಿರುವಾಗ ದೇವರ ಅಭಿಷೇಕದ ನೀರು ತರುವ ಸೇವೆಯನ್ನು ನನಗೇ ಏಕೆ ಒಪ್ಪಿಸಿದಿರಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕು ಈ ಕತೆ ಹೇಳಿದರು.

ಆಗ್ರಾದಲ್ಲಿ ಒಬ್ಬ ಮೊಗಲ ಬಾದಶಹನಿದ್ದ. ರಜಪೂತರ ಕೋಟೆಯನ್ನು ಗೆದ್ದರೆ ಅದನ್ನು ಸೋತ ರಾಜನ ಕೈಗೇ ಮರಳಿ ಕೊಡುತ್ತಿದ್ದ. ಅವನ ದೇವರನ್ನು, ಅವನ ಗುಡಿಯನ್ನು, ಅವನ ನಗಾರಿಯನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಅವನನ್ನು ತನ್ನ ಸೇವೆಗೆ ಕರೆದುಕೊಳ್ಳುವುದು ಆ ಪುಣ್ಯವಂತನ ಪದ್ಧತಿ.

ಹಾಗೆ ಸೋತ ಒಬ್ಬ ರಾಜ ದರ್ಬಾರಿಗೆ ಬಂದ. ಮುತ್ತಿಗೆಯಲ್ಲಿ ಅವನ ಒಬ್ಬನೇ ತಮ್ಮ ಸತ್ತಿದ್ದ. ರಾಜನ ಉಂಗುರದ ಹರಳಿನ ಕೆಳಗೆ ವಿಷವಿತ್ತು. ಬಾದಶಹನ ಬಟ್ಟಲು ಒಮ್ಮೆ ಕೈಗೆ ಸಿಕ್ಕರೆ ಸಾಕು, ಆಮೇಲೆ ತಲೆ ಹೋದರೂ ಹೋಗಲಿ ಎಂದುಕೊಂಡಿದ್ದ.

ಬಾದಶಹ ಕುಡಿಯುತ್ತಿದ್ದುದು ಗಂಗೆಯ ನೀರು. ನದಿಯ ದಂಡೆಯಲ್ಲೇ ಕೊಡಗಳ ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಕಳುಹಿಸಬೇಕು.

"ಇಂದಿನಿಂದ ಆ ಕೆಲಸ ನಿಮ್ಮದು, ರಾಜಾಸಾಹೇಬರೇ" ಎಂದ ಬಾದಶಹ.

ವಜೀರ ಹೌಹಾರಿದ. "ಜಹಾಂಪನಾ, ಇವರ ತಮ್ಮನನ್ನು ಕೊಂದವರು ನಾವು! ನೀರೇಕೆ, ಒಂದು ಚೂರಿಯನ್ನೇ ಕೊಟ್ಟುಬಿಡಿ, ಬೇಗ ಮುಗಿದೀತು."

"ಸುಮ್ಮನಿರಿ, ವಜೀರರೇ. ಇವರ ತಮ್ಮ ಕೊನೆಯುಸಿರಿನವರೆಗೂ ಕೋಟೆಯ ಬಾಗಿಲು ಬಿಟ್ಟು ಕದಲಲಿಲ್ಲ. ಅಂಥ ಮನೆಯವರು ಕಾಯ್ದ ನೀರು ನನಗೆ ಬೇಕು."

ರಾಜ ತಲೆಯೆತ್ತಿ ಕೇಳಿದ, "ಒತ್ತಬೇಕಾದ ಮುದ್ರೆ ಯಾರದು, ಹುಜೂರ್?"

"ನಿಮ್ಮ ಮನೆತನದ್ದೇ."

ಮರುವಾರ ರಾಜ ಗಂಗೆಯ ದಂಡೆಯಲ್ಲಿ ಕುಳಿತ. ಮೊದಲ ಕೊಡ ತುಂಬಿ ಬಂತು. ಅವನು ಉಂಗುರದ ಹರಳನ್ನು ತಿರುಗಿಸಿದ. ಇನ್ನೊಂದು ಕೈಯಲ್ಲಿ ಮುದ್ರೆಯಿತ್ತು. ಅದರಲ್ಲಿ ಅವನ ಕುಲದೈವವಾದ ಸೂರ್ಯನಾರಾಯಣನಿದ್ದ. ಕೋಟೆ ಬಿದ್ದ ದಿನ, ಇದನ್ನೂ ಒಡೆದುಹಾಕುತ್ತಾರೆಂದೇ ಅವನು ಎದೆಗವಚಿಕೊಂಡು ಅತ್ತಿದ್ದ. ಈಗ ವಿಷದ ಮೇಲೆ ಆ ದೇವರನ್ನು ಒತ್ತಬೇಕು.

ವಿಷ ಹಾಕಲು ಕೈ ಏಳಲಿಲ್ಲ. ತಮ್ಮನ ಹೆಸರು ಹಿಡಿದು ಕರೆದು ಬಹಳ ಹೊತ್ತು ಅತ್ತ. ಆಮೇಲೆ ಉಂಗುರವನ್ನು ದೂರದ ಮರಳಿನಲ್ಲಿ ಆಳವಾಗಿ ಹೂತು ಬಂದ. ಆ ಕೊಡದ ನೀರನ್ನು ಚೆಲ್ಲಿದ. ಸ್ನಾನ ಮಾಡಿ, ಸೂರ್ಯನಿಗೆ ಕೈಮುಗಿದು, ತಾನೇ ಮತ್ತೆ ತುಂಬಿದ.

ಹದಿನೆಂಟು ವರ್ಷ ಬಾದಶಹ ಅವನ ಮುದ್ರೆಯ ನೀರನ್ನೇ ಕುಡಿದ. ಈ ಸುದ್ದಿ ಕೇಳಿ ಎಷ್ಟೋ ರಜಪೂತ ರಾಜರು ಯುದ್ಧವಿಲ್ಲದೆಯೇ ಬಾದಶಹನ ಬಳಿಗೆ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಪಾಪ, ಉಂಗುರದ ಸಂಗತಿ ಬಾದಶಹನಿಗೆ ಗೊತ್ತೇ ಇರಲಿಲ್ಲವೇನೋ, ಗುರುಗಳೇ?"

"ನಿನ್ನ ಸಿಟ್ಟು ನನಗೆಷ್ಟು ಗೊತ್ತಿತ್ತೋ ಅವನಿಗೂ ಅಷ್ಟು ಗೊತ್ತಿತ್ತಪ್ಪಾ. ಪೂಜೆಗೆ ಹೊತ್ತಾಯಿತು, ಕೊಡ ತೆಗೆದುಕೊಂಡು ಹೊಳೆಗೆ ಹೋಗು."