ಗದ್ದುಗೆಯ ಹುಲ್ಲು

ಹೊಳೆದಂಡೆಯಲ್ಲಿ ಒಂದು ಮಠ. ಮಠದಲ್ಲಿ ಗುರುಗಳು, ಶಿಷ್ಯ ಪರ್ವತಯ್ಯ, ಕೊಟ್ಟಿಗೆ ತುಂಬ ದನ. ಇಷ್ಟೇ ಸಂಸಾರ ಕಣ್ರಪ್ಪ.

ಗುರುಗಳಿಗೂ ಗುರುವಾಗಿದ್ದ ದೊಡ್ಡಬುದ್ಧಿಯವರು ಕೆಮ್ಮಿ ಕೆಮ್ಮಿಯೇ ಹೋಗಿದ್ದರು. ಕೊಟ್ಟಿಗೆಯ ಕೆಳಗಿನ ತಗ್ಗಿನಲ್ಲಿ ಅವರ ಗದ್ದುಗೆ. ಅಲ್ಲಿನ ಹುಲ್ಲಿಗೆ ಕುಡುಗೋಲು ತಾಗಬಾರದು, ದನ ಮಾತ್ರ ಮೇಯಬಹುದು ಅನ್ನುವುದು ಮಠದ ಕಟ್ಟಳೆ. ಕೊಟ್ಟಿಗೆ ತೊಳೆದ ನೀರೂ ಅಲ್ಲಿಗೇ ಇಳಿಯುತ್ತಿತ್ತು. ಬೇಸಗೆಯಲ್ಲೂ ಆ ಹುಲ್ಲು ಕಪ್ಪಗೆ ಹಸಿರು.

ಮಠದಲ್ಲಿ ಎರಡು ಎಳೆಗರು: ಹಂಡ, ತುಂಬೆ. ತುಂಬೆಯ ತಾಯಿ ಈಯುವಾಗಲೇ ಸತ್ತಿತ್ತು. ಪರ್ವತಯ್ಯನೇ ಹಾಲಲ್ಲಿ ಬಟ್ಟೆ ಅದ್ದಿ ಚೀಪಿಸಿ ಸಾಕಿದ್ದ. ನಸುಕಿಗೇ ಎರಡನ್ನೂ ಗದ್ದುಗೆಯ ಹುಲ್ಲಿಗೆ ಬಿಡುತ್ತಿದ್ದ. ಇಬ್ಬನಿ ಹೊತ್ತ ಗುರುಪ್ರಸಾದ, ಮೊದಲು ಮಕ್ಕಳ ಬಾಯಿಗೆ ಬೀಳಲಿ ಅಂತ.

ಒಂದು ಸಂಜೆ ಬತ್ತಿ ಹೊಸೆದು ಗದ್ದುಗೆಗೆ ದೀಪ ಹಚ್ಚುತ್ತಿದ್ದಾಗ ಬೆನ್ನ ಹಿಂದೆ ಕೆಮ್ಮು ಕೇಳಿತು. ಮೊದಲು ಎರಡು ಸಣ್ಣ ಕೆಮ್ಮು, ಆಮೇಲೆ ಒಂದು ಉದ್ದನೆಯ ಎಳೆತ. ದೊಡ್ಡಬುದ್ಧಿಯವರದೇ.

ತಿರುಗಿ ನೋಡಿದ. ಹಂಡ ಕತ್ತು ಚಾಚಿ, ನಾಲಿಗೆ ಹೊರಹಾಕಿ, ಇವನನ್ನೇ ನೋಡುತ್ತಾ ನಿಂತಿತ್ತು.

ಪರ್ವತಯ್ಯ ಅಡ್ಡಬಿದ್ದ.

ಕೆಲವೇ ದಿನಕ್ಕೆ ತುಂಬೆಗೂ ಅದೇ ಕೆಮ್ಮು. ಕೊಟ್ಟಿಗೆಯ ಕತ್ತಲಲ್ಲಿ ಒಂದು ಕೆಮ್ಮಿದರೆ ಇನ್ನೊಂದು ಓಗೊಡುತ್ತಿತ್ತು.

ಗುರುಗಳು ದನದ ಡಾಕ್ಟರ ಹತ್ತಿರ ಹುಳದ ಔಷಧಿ ತರಿಸಿದರು. “ಎರಡಕ್ಕೂ ಕುಡಿಸಪ್ಪ.”

ಪರ್ವತಯ್ಯನಿಗೆ ಕೈ ಬರಲಿಲ್ಲ. ಒಳಗಿರುವ ಗುರುವನ್ನು ಔಷಧಿ ಹಾಕಿ ಓಡಿಸುವುದುಂಟೆ? ಬೇಲಿಯ ಬುಡಕ್ಕೆ ಚೆಲ್ಲಿಬಿಟ್ಟ.

ಒಂದು ಬೆಳಗ್ಗೆ ಹಂಡ ಗದ್ದುಗೆಯ ಪಕ್ಕದಲ್ಲೇ ತಣ್ಣಗಾಗಿ ಬಿದ್ದಿತ್ತು.

ಗುರುಗಳು ಬಂದು ನೋಡಿದರು. “ಕುಡುಗೋಲು ತಾ.”

“ಇಲ್ಲಿ ಕುಡುಗೋಲು ಆಡಿಸಬಾರದು ಬುದ್ಧಿ.”

“ಹುಲ್ಲಿಗಲ್ಲ.”

ಕರುವಿನ ಕೊರಳು ಸೀಳಿದರು. ಉಸಿರಿನ ಕೊಳವೆ ಬಿಡಿಸಿ ಹಿಡಿದರು. “ಏನು ಕಾಣ್ತದೆ?”

ನೊರೆಯೊಳಗೆ ತೆಳ್ಳಗೆ, ಬೆಳ್ಳಗೆ, ಒಂದರ ಮೇಲೊಂದು ಸುತ್ತಿಕೊಂಡಿದ್ದವು.

“ಬತ್ತಿ, ಬುದ್ಧಿ. ನಾನು ಹೊಸೆಯೋ ಬತ್ತಿ.”

“ಮುಟ್ಟು.”

ಕರುವಿನ ಮೈ ಕಲ್ಲಿನಂತೆ ತಣ್ಣಗಿತ್ತು. ಬತ್ತಿ ಮಿಸುಕಿತು.

ಪರ್ವತಯ್ಯ ಕೈ ಕಿತ್ತುಕೊಂಡ. ಹಿಂದೆ ತುಂಬೆ ಕೆಮ್ಮಿತು.

“ಔಷಧಿ ಏನು ಮಾಡಿದೆ?”

“ಚೆಲ್ಲಿದೆ. ಒಳಗೆ ದೊಡ್ಡಬುದ್ಧಿಯವರಿದ್ದಾರೆ ಅಂದ್ಕೊಂಡೆ.”

“ಬದುಕಿದ್ದಾಗ ಸಗಣಿ ವಾಸನೆಗೆ ಮೂಗು ಮುಚ್ಚಿಕೊಳ್ತಿದ್ದೋರು. ಸತ್ತ ಮೇಲೆ ಕೊಟ್ಟಿಗೆಗೆ ಬರ್ತಾರೇನೋ?”

ಪರ್ವತಯ್ಯ ನಗಲಿಲ್ಲ. “ಮತ್ತೆ ಇವು ಎಲ್ಲಿಂದ ಬಂದವು?”

ಗುರುಗಳು ಹುಲ್ಲಿನ ಮೇಲೆ ಕೈ ಸವರಿ, ಒದ್ದೆ ಅಂಗೈಯನ್ನು ಅವನ ಮುಖದ ಮುಂದೆ ಹಿಡಿದರು.

“ಹುಳ ಹೊತ್ತ ದನ ಸಗಣಿ ಹಾಕ್ತವೆ. ಅದರಲ್ಲಿರೋ ಮರಿಹುಳ ಕಣ್ಣಿಗೆ ಬೀಳೋದಿಲ್ಲ. ಈ ತೇವ ಹಿಡ್ಕೊಂಡು ಹುಲ್ಲೇರಿ ಕೂರ್ತದೆ. ಕರು ಮೇಯ್ತದೆ. ಒಳಗೆ ಹೋದದ್ದು ಉಸಿರಾಡೋ ಜಾಗ ಹುಡುಕ್ಕೊಂಡು ಹೋಗ್ತದೆ.”

“ಮೇಯಿಸಿದ್ದು ನಾನು, ಬುದ್ಧಿ.”

ಗುರುಗಳು ತುಂಬೆಯ ಕಡೆ ಕೈ ತೋರಿಸಿದರು.

ಪರ್ವತಯ್ಯ ಅಲ್ಲಿಂದಲೇ ಡಾಕ್ಟರ ಮನೆಗೆ ಓಡಿದ. ತುಂಬೆಯನ್ನು ತೊಡೆಯ ನಡುವೆ ಅವುಚಿಕೊಂಡು, ಅಳುತ್ತಲೇ ಔಷಧಿ ಕುಡಿಸಿದ. ಕೊಟ್ಟಿಗೆಯ ನೀರನ್ನು ತಿಪ್ಪೆಗುಂಡಿಗೆ ತಿರುಗಿಸಿದ. ಬಿಸಿಲೇರಿದ ಮೇಲೆ ದಿಬ್ಬದ ಒಣ ಜಾಗದಲ್ಲಿ, ದೊಡ್ಡ ದನ ಮೇಯದ ಕಡೆ, ಕರುವನ್ನು ಬಿಡತೊಡಗಿದ. ಕೆಮ್ಮು ಒಮ್ಮೆಗೇ ಹೋಗಲಿಲ್ಲ. ದಿನ ಕಳೆದ ಹಾಗೆ ಸಣ್ಣಗಾಗಿ ನಿಂತಿತು. ತುಂಬೆ ಬಾಲವೆತ್ತಿ ಕುಣಿಯಿತು.

ಚಳಿ ಬಲಿತ ಒಂದು ನಸುಕು. ಪರ್ವತಯ್ಯ ಕೊಟ್ಟಿಗೆ ಗುಡಿಸುತ್ತಿದ್ದ. ತುಂಬೆ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.

ಕೆಳಗೆ, ಗದ್ದುಗೆಯ ಕಡೆಯಿಂದ, ಎರಡು ಸಣ್ಣ ಕೆಮ್ಮು. ಆಮೇಲೆ ಉದ್ದನೆಯ ಎಳೆತ.

ಅವನು ಹೊರಬಂದು ಇಣುಕಿದ. ತಗ್ಗಿನಲ್ಲಿ ಮಂಜು. ಒಂದು ದನವೂ ಇಲ್ಲ.

ಗುರುಗಳು ಜಗುಲಿಯ ಮೇಲೆ ಕೂತಿದ್ದರು.

“ಕೇಳಿಸ್ತಾ ಬುದ್ಧಿ?”

“ಕೇಳಿಸ್ತು.”

“ಕರು ಒಳಗಿದೆ. ಮತ್ತೆ ಕೆಮ್ಮಿದ್ದು ಯಾರು?”

ಗುರುಗಳು ಮಂಜಿನ ಕಡೆ ನೋಡಿ ಕೈ ಮುಗಿದರು.

“ಯಾರಾದರೂ ಕೆಮ್ಮಲಿ. ಇಬ್ಬನಿ ಆರೋ ತನಕ ಕರು ಬಿಚ್ಚಬೇಡ.”